ಶಾಲೆಯ ಲೈಬ್ರರಿಯಿಂದ ಪುಸ್ತಕ ತೆಗೆಯಿರಿ ಎಂಬ ಕೂಗು ಎದ್ದಾಗ: ಅಮೆರಿಕದ ಕನ್ನಡ ಪೋಷಕರಿಗೆ ಮಾರ್ಗದರ್ಶಿ

ಶಾಲೆಯ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಯಾವುದೋ ಪುಸ್ತಕದ ಒಂದು ಪುಟದ ಫೋಟೊ ಬರುತ್ತದೆ. ಎರಡು ಸಾಲಿನ ಕೆಳಗೆ ಕೆಂಪು ಗೆರೆ. ಜೊತೆಗೆ ಒಂದು ಸಂದೇಶ: ‘ಇದು ನಮ್ಮ ಮಕ್ಕಳ ಲೈಬ್ರರಿಯಲ್ಲಿದೆ. ಸೋಮವಾರದ ಬೋರ್ಡ್ ಮೀಟಿಂಗ್‌ಗೆ ಎಲ್ಲರೂ ಬನ್ನಿ.’ ನಮ್ಮಲ್ಲಿ ಅನೇಕರು ಇದನ್ನು ನೋಡಿ, ಊರ ಉಸಾಬರಿ ನಮಗ್ಯಾಕೆ ಎಂದು ಫೋನ್ ಕೆಳಗಿಡುತ್ತೇವೆ. ಇನ್ನು ಕೆಲವರು ಆ ಎರಡು ಸಾಲು ಓದಿದ್ದೇ ತಡ, ಒಂದು ಬಣ ಸೇರಿಬಿಡುತ್ತೇವೆ. ಎರಡರಿಂದಲೂ ಮಕ್ಕಳಿಗೆ ಒಳ್ಳೆಯದಾಗುವುದಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಗು ಏನು ಓದಬೇಕು, ಏನು ಓದುವುದು ಬೇಡ ಎಂದು ಹೇಳುವ ಹಕ್ಕು ನನಗಿದೆ. ಪಕ್ಕದ ಮನೆಯ ಮಗುವಿನ ವಿಷಯದಲ್ಲಿ ಆ ಹಕ್ಕು ನನಗಿಲ್ಲ. ಪುಸ್ತಕವೊಂದು ಕಪಾಟಿನಲ್ಲಿ ಉಳಿಯಲಿ ಅಥವಾ ಹೋಗಲಿ, ಅದನ್ನು ಇಡಿಯಾಗಿ ಓದಿದವರು, ಮೊದಲೇ ಬರೆದಿಟ್ಟ ನಿಯಮದಂತೆ, ಎಲ್ಲರಿಗೂ ಕಾಣುವ ಹಾಗೆ ತೀರ್ಮಾನಿಸಬೇಕು. ನೀವು ಯಾವ ಕಡೆಯವರಾದರೂ ಇಷ್ಟನ್ನು ಒಪ್ಪಿದರೆ, ಮುಂದಿನ ಹೆಜ್ಜೆಗಳು ನಿಮಗೆ ಕೆಲಸಕ್ಕೆ ಬರುತ್ತವೆ.

ನಿಜವಾಗಿ ಏನು ನಡೆದಿದೆ ಎಂದು ವಿಚಾರಿಸಿ

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಂಥ ಮಾತು ಈ ವಿಷಯದಲ್ಲಿ ಬಹಳ ಓಡಾಡುತ್ತದೆ. ಹಾಗಾಗಿ ಮೊದಲ ದಿನ ಯಾರ ಜೊತೆಗೂ ವಾದಕ್ಕೆ ಇಳಿಯಬೇಡಿ. ಶಾಲೆಯ ಪ್ರಿನ್ಸಿಪಾಲರಿಗೆ ಅಥವಾ ಸ್ಕೂಲ್ ಡಿಸ್ಟ್ರಿಕ್ಟ್ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಘಟಕ, ಬೋರ್ಡ್ ಅದರ ಆಡಳಿತ ಮಂಡಳಿ) ಕಚೇರಿಗೆ ಒಂದು ಸಣ್ಣ ಇಮೇಲ್ ಕಳಿಸಿ. ಯಾವ ಪುಸ್ತಕ, ಯಾವ ಶಾಲೆಯ ಲೈಬ್ರರಿ, ಲಿಖಿತ ದೂರು ಬಂದಿದೆಯೇ ಅಥವಾ ಬರೀ ಬಾಯಿಮಾತೇ, ಪುಸ್ತಕ ಈಗ ಎಲ್ಲಿದೆ ಎಂದು ಕೇಳಿದರೆ ಸಾಕು.

‘ಎಲ್ಲಿದೆ’ ಎಂಬ ಪ್ರಶ್ನೆಯನ್ನು ಬಿಡಬೇಡಿ. ಪುಸ್ತಕವನ್ನು ಪೂರ್ತಿ ತೆಗೆದುಹಾಕಿರಬಹುದು. ವಿಚಾರಣೆ ಮುಗಿಯುವವರೆಗೆ ಎತ್ತಿಟ್ಟಿರಬಹುದು. ಮಿಡ್ಲ್ ಸ್ಕೂಲಿನಿಂದ ಹೈಸ್ಕೂಲಿಗೆ ಸಾಗಿಸಿರಬಹುದು. ಕೌಂಟರಿನ ಹಿಂದಿಟ್ಟು, ಪೋಷಕರ ಸಹಿ ತಂದವರಿಗೆ ಮಾತ್ರ ಕೊಡುತ್ತಿರಬಹುದು. ಅಥವಾ ಏನೂ ಆಗದೆ ಕಪಾಟಿನಲ್ಲೇ ಇರಬಹುದು. ಒಂದೊಂದಕ್ಕೂ ಮಾಡಬೇಕಾದ ಕೆಲಸ ಬೇರೆ. ಹದಿನಾರು ವರ್ಷದವರಿಗೆಂದು ಬರೆದ ಕಾದಂಬರಿ ಹತ್ತು ವರ್ಷದವರ ಕಪಾಟಿಗೆ ಬಂದಿದ್ದರೆ ಅದನ್ನು ಸರಿಯಾದ ಜಾಗಕ್ಕೆ ಸೇರಿಸುವುದರಲ್ಲಿ ತಪ್ಪೇನಿಲ್ಲ. ಅದನ್ನೇ ದೊಡ್ಡ ಯುದ್ಧ ಮಾಡುವ ಅಗತ್ಯವೂ ಇಲ್ಲ.

ಲೈಬ್ರರಿಗಳು ಪ್ರತಿವರ್ಷ ಹರಿದ, ಹಳತಾದ, ಯಾರೂ ಮುಟ್ಟದ ಪುಸ್ತಕಗಳನ್ನು ತೆಗೆಯುತ್ತವೆ. ಅದು ದಿನನಿತ್ಯದ ಕೆಲಸ. ಗ್ರಹಗಳ ಪಟ್ಟಿಯಲ್ಲಿ ಇನ್ನೂ ಪ್ಲೂಟೊ ಇರುವ ವಿಜ್ಞಾನದ ಪುಸ್ತಕ ಹೋದರೆ ಯಾರೂ ಬೀದಿಗಿಳಿಯಬೇಕಿಲ್ಲ. ಆದರೆ ದೂರು ಬಂದ ಪುಸ್ತಕಗಳೇ ‘ಹಳತಾದವು’ ಎಂಬ ಹೆಸರಿನಲ್ಲಿ ಒಟ್ಟಿಗೆ ಮಾಯವಾದರೆ ಅದರ ದಾಖಲೆ ಕೇಳಿ. ಎಷ್ಟು ಸಲ ಎರವಲು ಹೋಗಿತ್ತು, ಯಾವಾಗ ತೆಗೆದರು, ತೆಗೆಯಲು ಹೇಳಿದವರು ಯಾರು ಎಂಬುದನ್ನು ರಾಜ್ಯದ ಸಾರ್ವಜನಿಕ ದಾಖಲೆ ಕಾನೂನಿನಡಿ ಕೇಳಬಹುದು. ಯಾವ ಮಗು ಆ ಪುಸ್ತಕ ಓದಿತು ಎಂದು ಮಾತ್ರ ಎಂದೂ ಕೇಳಬೇಡಿ. ಓದುಗರ ವಿವರ ಬಹುತೇಕ ರಾಜ್ಯಗಳಲ್ಲಿ ಗೋಪ್ಯ, ಗೋಪ್ಯವಾಗಿಯೇ ಇರಬೇಕು.

ಡಿಸ್ಟ್ರಿಕ್ಟಿನ ನೀತಿ ಓದಿ

ಪ್ರತಿ ಸ್ಕೂಲ್ ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲಿ ಬೋರ್ಡ್ ಪಾಲಿಸಿ ಎಂಬ ವಿಭಾಗ ಇರುತ್ತದೆ. ಅಲ್ಲಿ ಎರಡು ಕಾಗದ ಹುಡುಕಿ. ಒಂದು, ಲೈಬ್ರರಿಗೆ ಪುಸ್ತಕ ಆರಿಸುವ ನೀತಿ. ಇನ್ನೊಂದು, ಪುಸ್ತಕದ ಬಗ್ಗೆ ಆಕ್ಷೇಪ ಬಂದರೆ ಮರುಪರಿಶೀಲನೆ ಮಾಡುವ ವಿಧಾನ. ಊರಿನ ಪಬ್ಲಿಕ್ ಲೈಬ್ರರಿಯಾದರೆ ಅದರ ಟ್ರಸ್ಟಿಗಳ ಮಂಡಳಿಯದೇ ಬೇರೆ ನೀತಿ ಇರುತ್ತದೆ. ಎರಡನ್ನೂ ಒಂದೇ ಎಂದು ತಿಳಿಯಬೇಡಿ. ಪಬ್ಲಿಕ್ ಲೈಬ್ರರಿ ಎಲ್ಲ ವಯಸ್ಸಿನವರದು, ಶಾಲೆಯದು ಮಕ್ಕಳದು. ವಯಸ್ಸಿಗೆ ತಕ್ಕುದೇ ಎಂಬ ಪ್ರಶ್ನೆಗೆ ಶಾಲೆಯಲ್ಲಿ ಇರುವ ತೂಕ ಪಬ್ಲಿಕ್ ಲೈಬ್ರರಿಯಲ್ಲಿ ಇಲ್ಲ.

ಮರುಪರಿಶೀಲನೆಯ ವಿಧಾನದಲ್ಲಿ ನೋಡಬೇಕಾದದ್ದು ಇಷ್ಟು: ಯಾರು ಅರ್ಜಿ ಹಾಕಬಹುದು, ಪೋಷಕರೇ ಆಗಿರಬೇಕೇ, ಆ ಡಿಸ್ಟ್ರಿಕ್ಟಿನಲ್ಲಿ ವಾಸವಿರಬೇಕೇ? ಪುಸ್ತಕ ಪೂರ್ತಿ ಓದಿದ್ದೀರಾ ಎಂದು ಅರ್ಜಿಯಲ್ಲಿ ಕೇಳುತ್ತಾರೆಯೇ? ಸಮಿತಿಯಲ್ಲಿ ಯಾರಿರುತ್ತಾರೆ? ತೀರ್ಮಾನಕ್ಕೆ ಎಷ್ಟು ದಿನ? ಅಲ್ಲಿಯವರೆಗೆ ಪುಸ್ತಕ ಕಪಾಟಿನಲ್ಲೇ ಇರುತ್ತದೆಯೇ? ಮೇಲ್ಮನವಿ ಯಾರಿಗೆ? ಇವುಗಳಲ್ಲಿ ಯಾವುದಕ್ಕೆ ಉತ್ತರವಿಲ್ಲವೋ ಮುಂದೆ ಜಗಳ ಹುಟ್ಟುವುದು ಅಲ್ಲಿಯೇ. ಆ ಜಾಗಕ್ಕೆ ಗುರುತು ಹಾಕಿಟ್ಟುಕೊಳ್ಳಿ.

ಅರ್ಜಿ ಯಾರು ಹಾಕಬಹುದು ಎಂಬ ಪ್ರಶ್ನೆಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 2021–22ರ ಶಾಲಾ ವರ್ಷದ ಸಾವಿರಕ್ಕೂ ಹೆಚ್ಚು ದೂರುಗಳನ್ನು ತರಿಸಿ ನೋಡಿದಾಗ, ಅವುಗಳಲ್ಲಿ ಸುಮಾರು 60 ಶೇಕಡಾ ಬರೀ 11 ಜನರಿಂದ ಬಂದಿದ್ದವು. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ 2024ರಲ್ಲಿ ದಾಖಲಿಸಿದ ಬೇಡಿಕೆಗಳಲ್ಲಿ 72 ಶೇಕಡಾ ಬಂದದ್ದು ಒತ್ತಡ ಗುಂಪುಗಳು, ಚುನಾಯಿತರು, ಬೋರ್ಡ್ ಸದಸ್ಯರು ಮತ್ತು ಆಡಳಿತದವರಿಂದ. ಪೋಷಕರ ಪಾಲು 16 ಶೇಕಡಾ. ‘ಪೋಷಕರೆಲ್ಲ ಸಿಟ್ಟಾಗಿದ್ದಾರೆ’ ಎಂದು ಸಭೆಯಲ್ಲಿ ಯಾರಾದರೂ ಹೇಳಿದರೆ ಈ ಅಂಕಿ ನೆನಪಿರಲಿ. ಹಾಗೆಂದು ನಿಜವಾದ ತಾಯಿಯೊಬ್ಬಳ ಆತಂಕವನ್ನು ಈ ಅಂಕಿಯಿಂದ ತಳ್ಳಿಹಾಕುವುದು ಸರಿಯಲ್ಲ. ಅವಳು ಆ 16ರಲ್ಲಿ ಒಬ್ಬಳಿರಬಹುದು, ಅವಳ ಮಾತು ಕೇಳಲೇಬೇಕು.

ನಿಮ್ಮ ರಾಜ್ಯದ ಕಾನೂನು ಗೊತ್ತಿರಲಿ

ನ್ಯೂಜೆರ್ಸಿಯ ಸ್ನೇಹಿತರು ಹೇಳಿದ್ದು ಫ್ಲಾರಿಡಾದಲ್ಲಿ ನಡೆಯುವುದಿಲ್ಲ. ಈ ವಿಷಯದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಅಷ್ಟು ವ್ಯತ್ಯಾಸವಿದೆ.

ಹಳೆಯ ಬುನಾದಿ 1982ರ ಸುಪ್ರೀಂ ಕೋರ್ಟ್ ತೀರ್ಪು. ನ್ಯೂಯಾರ್ಕಿನ ಐಲಂಡ್ ಟ್ರೀಸ್ ಡಿಸ್ಟ್ರಿಕ್ಟಿನ ಬೋರ್ಡ್ ಸದಸ್ಯರು ಯಾವುದೋ ಸಮ್ಮೇಳನದಲ್ಲಿ ಸಿಕ್ಕ ‘ಆಕ್ಷೇಪಾರ್ಹ’ ಪುಸ್ತಕಗಳ ಪಟ್ಟಿ ತಂದು, ಅವನ್ನು ಶಾಲೆಯ ಕಪಾಟಿನಿಂದ ತೆಗೆಸಿದರು. ನಂತರ ನಾಲ್ವರು ಪೋಷಕರು, ನಾಲ್ವರು ಶಾಲಾ ಸಿಬ್ಬಂದಿ ಇದ್ದ ಸಮಿತಿ ಮಾಡಿದರು. ಸಮಿತಿ ಹಲವು ಪುಸ್ತಕ ಉಳಿಸಿ ಎಂದಿತು, ಬೋರ್ಡ್ ಆ ಮಾತನ್ನು ಪಕ್ಕಕ್ಕಿಟ್ಟಿತು. ಸ್ಟೀವನ್ ಪೀಕೊ ಮತ್ತು ಇತರ ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಪುಸ್ತಕದಲ್ಲಿನ ವಿಚಾರ ತಮಗೆ ಹಿಡಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಬೋರ್ಡ್ ಅದನ್ನು ಲೈಬ್ರರಿಯಿಂದ ತೆಗೆಯುವಂತಿಲ್ಲ ಎಂದು ನ್ಯಾಯಮೂರ್ತಿ ಬ್ರೆನನ್ ಬರೆದರು. ಉದ್ದಕ್ಕೂ ಅಶ್ಲೀಲವಾಗಿದ್ದರೆ ಅಥವಾ ಶಿಕ್ಷಣಕ್ಕೆ ತಕ್ಕುದಲ್ಲದಿದ್ದರೆ ತೆಗೆಯಬಹುದು ಎಂಬ ದಾರಿಯನ್ನೂ ಬಿಟ್ಟರು. ಆದರೆ ಆ ಬರಹಕ್ಕೆ ಐದು ನ್ಯಾಯಮೂರ್ತಿಗಳ ಪೂರ್ಣ ಬೆಂಬಲ ಸಿಗಲಿಲ್ಲ. ಹಾಗಾಗಿ ಅದು ಗಟ್ಟಿ ಬುನಾದಿಯಲ್ಲ, ಅದರ ಮೇಲೆ ಇಂದಿಗೂ ತಕರಾರು ನಡೆದೇ ಇದೆ.

ಟೆಕ್ಸಾಸಿನ ಲಾನೊ ಕೌಂಟಿಯ ಮೊಕದ್ದಮೆ ಈ ತಕರಾರನ್ನು ಇನ್ನಷ್ಟು ಹರಿತಗೊಳಿಸಿತು. ಅಲ್ಲಿ ಪಬ್ಲಿಕ್ ಲೈಬ್ರರಿಯಿಂದ 17 ಪುಸ್ತಕ ಹೋದವು. ಓದುಗರು 2022ರಲ್ಲಿ ಮೊಕದ್ದಮೆ ಹೂಡಿದರು. ಪುಸ್ತಕಗಳನ್ನು ವಾಪಸ್ ಇಡಿ ಎಂದು 2023ರ ಮಾರ್ಚಿನಲ್ಲಿ ನ್ಯಾಯಾಧೀಶರು ಹೇಳಿದಾಗ, ಲೈಬ್ರರಿಯನ್ನೇ ಮುಚ್ಚಿಬಿಡಬೇಕೇ ಎಂಬ ವಿಷಯ ಕೌಂಟಿಯ ಅಜೆಂಡಾಕ್ಕೆ ಬಂತು. ಊರಿನವರು ಬಂದು ಮಾತಾಡಿದ ಮೇಲೆ ಬಾಗಿಲು ತೆರೆದೇ ಉಳಿಯಿತು. ಆದರೆ 2025ರ ಮೇ ತಿಂಗಳಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವಾದ ಐದನೇ ಸರ್ಕ್ಯೂಟ್ ಕೋರ್ಟ್ 10–7ರಲ್ಲಿ ಕೌಂಟಿಯ ಪರ ತೀರ್ಪು ಕೊಟ್ಟಿತು. ಲೈಬ್ರರಿಯಲ್ಲಿ ಇಂಥ ಪುಸ್ತಕ ಇರಲೇಬೇಕೆಂದು ಫಸ್ಟ್ ಅಮೆಂಡ್‌ಮೆಂಟ್ (ವಾಕ್ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ ತಿದ್ದುಪಡಿ) ಹೆಸರಿನಲ್ಲಿ ಓದುಗರು ಕೇಳಲಾಗದು ಎಂಬುದು ಅದರ ಸಾರ. 2025ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ಕೈಗೆತ್ತಿಕೊಳ್ಳಲಿಲ್ಲ. ಟೆಕ್ಸಾಸ್, ಲೂಯಿಸಿಯಾನ, ಮಿಸಿಸಿಪ್ಪಿಗಳಲ್ಲಿ ಈಗ ನಡೆಯುವುದು ಈ ತೀರ್ಪು. ಈ ಮೂರು ರಾಜ್ಯದವರು ಕೋರ್ಟನ್ನು ನೆಚ್ಚಿ ಕೂರುವಂತಿಲ್ಲ. ಅಲ್ಲಿ ಊರಿನ ಸಭೆಗೂ ಬೋರ್ಡ್ ಚುನಾವಣೆಗೂ ಬೆಲೆ ಹೆಚ್ಚಿದೆ.

ಫ್ಲಾರಿಡಾದಲ್ಲಿ 2023ರ ಕಾನೂನಿನ ಪ್ರಕಾರ, ಲೈಂಗಿಕ ವಿವರಣೆ ಇದೆ ಎಂದು ದೂರು ಬಂದರೆ ಐದು ಶಾಲಾ ದಿನಗಳೊಳಗೆ ಪುಸ್ತಕ ಎತ್ತಿಡಬೇಕು, ತೀರ್ಮಾನವಾಗುವವರೆಗೆ ಯಾರಿಗೂ ಸಿಗುವುದಿಲ್ಲ. ದೂರುಗಳ ರಾಶಿ ಬಿದ್ದ ಮೇಲೆ, ಶಾಲೆಯಲ್ಲಿ ಮಕ್ಕಳಿಲ್ಲದವರು ತಿಂಗಳಿಗೆ ಒಂದೇ ಆಕ್ಷೇಪ ಹಾಕಬಹುದೆಂಬ ಮಿತಿಯನ್ನು 2024ರಲ್ಲಿ ಅದೇ ರಾಜ್ಯ ತಂದಿತು. 2025ರ ಆಗಸ್ಟಿನಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು 2023ರ ಕಾನೂನಿನ ಒಂದು ಭಾಗ ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದರು. ಯೂಟಾದಲ್ಲಿ 2024ರಿಂದ, ಮೂರು ಡಿಸ್ಟ್ರಿಕ್ಟುಗಳು ಒಂದು ಪುಸ್ತಕ ತೆಗೆದರೆ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಂದಲೂ ಅದು ಹೋಗಬಹುದು. ಇದಕ್ಕೆ ಎದುರು ದಿಕ್ಕಿನಲ್ಲಿ ಇಲಿನಾಯ್ ಇದೆ. ಪಕ್ಷಪಾತದಿಂದ ಪುಸ್ತಕ ನಿಷೇಧಿಸುವುದಿಲ್ಲ ಎಂದು ಬರೆದುಕೊಡದ ಲೈಬ್ರರಿಗೆ 2024ರ ಜನವರಿಯಿಂದ ರಾಜ್ಯದ ಅನುದಾನವಿಲ್ಲ. ಕ್ಯಾಲಿಫೋರ್ನಿಯಾ 2023ರಲ್ಲಿ, ನ್ಯೂಜೆರ್ಸಿ 2024ರ ಡಿಸೆಂಬರಿನಲ್ಲಿ ತಮ್ಮದೇ ರಕ್ಷಣಾ ಕಾನೂನು ಮಾಡಿಕೊಂಡವು.

ಸಭೆಯಲ್ಲಿ ‘ಪೋರ್ನೋಗ್ರಫಿ’ ಎಂಬ ಮಾತು ಬಂದೇ ಬರುತ್ತದೆ. ಕಾನೂನಿನಲ್ಲಿ ಅಶ್ಲೀಲ ಯಾವುದು ಎಂದು ಅಳೆಯುವ ಪರೀಕ್ಷೆ 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದದ್ದು. ಅದರಲ್ಲಿ ಕೃತಿಯನ್ನು ಇಡಿಯಾಗಿ ನೋಡಬೇಕು, ಅದಕ್ಕೆ ಸಾಹಿತ್ಯದ, ಕಲೆಯ, ರಾಜಕೀಯದ ಅಥವಾ ವಿಜ್ಞಾನದ ಗಂಭೀರ ಮೌಲ್ಯ ಇದೆಯೇ ಎಂದು ಕೇಳಬೇಕು. ಒಂದು ಪುಟದ ಫೋಟೊ ಆ ಪರೀಕ್ಷೆಗೆ ಸಾಲದು.

ಪುಸ್ತಕ ಓದಿ, ಪೂರ್ತಿ

ಇದರಲ್ಲಿ ರಿಯಾಯಿತಿ ಇಲ್ಲ. ಶಾಲೆಯಲ್ಲಿ ಎತ್ತಿಟ್ಟಿದ್ದರೆ ಊರಿನ ಪಬ್ಲಿಕ್ ಲೈಬ್ರರಿಯಲ್ಲಿ ಕೇಳಿ. ಅಲ್ಲೂ ಇಲ್ಲದಿದ್ದರೆ ಬೇರೆ ಊರಿನಿಂದ ತರಿಸಿಕೊಡಿ ಎನ್ನಿ, ಅಂತರ-ಲೈಬ್ರರಿ ಎರವಲಿನ ವ್ಯವಸ್ಥೆ ಬಹಳ ಕಡೆ ಇದೆ. ಮಕ್ಕಳ ಪುಸ್ತಕಗಳು ದೊಡ್ಡವಲ್ಲ. ಚಿತ್ರಪುಸ್ತಕವಾದರೆ ಕಾಲು ಗಂಟೆ, ಹದಿಹರೆಯದವರ ಕಾದಂಬರಿಯಾದರೆ ಎರಡು ಮೂರು ಸಂಜೆ.

ಓದುವಾಗ ಪೆನ್ಸಿಲ್ ಹಿಡಿದುಕೊಳ್ಳಿ. ಆಕ್ಷೇಪಕ್ಕೆ ಗುರಿಯಾದ ಭಾಗ ಎಲ್ಲಿ ಬರುತ್ತದೆ, ಅದಕ್ಕೆ ಮೊದಲು ಏನಾಗಿತ್ತು, ಆಮೇಲೆ ಏನಾಗುತ್ತದೆ, ಲೇಖಕರು ಆ ಕೆಲಸವನ್ನು ಮೆಚ್ಚುತ್ತಿದ್ದಾರೆಯೇ, ಖಂಡಿಸುತ್ತಿದ್ದಾರೆಯೇ ಅಥವಾ ತೋರಿಸಿ ಸುಮ್ಮನಾಗುತ್ತಾರೆಯೇ ಎಂದು ಬರೆದಿಟ್ಟುಕೊಳ್ಳಿ. ಪ್ರಕಾಶಕರು ಯಾವ ವಯಸ್ಸಿಗೆಂದು ಹೇಳಿದ್ದಾರೆ, ಶಾಲಾ ಲೈಬ್ರರಿಗಳಿಗಾಗಿ ಬರುವ ವಿಮರ್ಶಾ ಪತ್ರಿಕೆಗಳು ಏನು ಹೇಳಿವೆ ಎಂಬುದನ್ನು ಲೈಬ್ರರಿಯನ್ ಹುಡುಕಿಕೊಡುತ್ತಾರೆ.

ಓದಿದ ಮೇಲೆ ನಿಮಗೂ ಪುಸ್ತಕ ಇಷ್ಟವಾಗದೇ ಇರಬಹುದು. ಆಗಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಬೇಕು ಎನ್ನುವ ಮಗು ಈ ಶಾಲೆಯಲ್ಲಿ ಇರಬಹುದೇ? ತನ್ನ ಮೇಲೆ ನಡೆದ ದೌರ್ಜನ್ಯಕ್ಕೆ ಹೆಸರು ಗೊತ್ತಿಲ್ಲದ ಹುಡುಗಿ, ಇಬ್ಬರು ಅಮ್ಮಂದಿರಿರುವ ಮನೆಯ ಹುಡುಗ, ಬಣ್ಣದ ಕಾರಣಕ್ಕೆ ಬಸ್ಸಿನಲ್ಲಿ ದಿನಾ ಕುಟುಕಿಸಿಕೊಳ್ಳುವ ಮಗು. ಆ ಕೊನೆಯ ಮಗು ನಮ್ಮದೇ ಇರಬಹುದು. ದೂರುಗಳಿಗೆ ಗುರಿಯಾಗುವ ಪುಸ್ತಕಗಳಲ್ಲಿ ಜನಾಂಗದ ಬಗ್ಗೆ, ಎಲ್‌ಜಿಬಿಟಿ ಬದುಕಿನ ಬಗ್ಗೆ, ಲೈಂಗಿಕ ಹಿಂಸೆಯ ಬಗ್ಗೆ ಇರುವವು ಬಹಳ ಎಂಬುದು ವರ್ಷ ವರ್ಷವೂ ಕಾಣುತ್ತಿದೆ.

ಲೈಬ್ರರಿಯನ್ ಜೊತೆ ಮಾತಾಡಿ, ಆದರೆ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ

ಶಾಲಾ ಲೈಬ್ರರಿಯನ್ ಡಿಸ್ಟ್ರಿಕ್ಟಿನ ನೌಕರರು. ಅವರು ಬಹಿರಂಗವಾಗಿ ನಿಮ್ಮ ಪರ ನಿಲ್ಲಲಿ ಎಂದು ಬಯಸಬೇಡಿ. ಅವರ ಇಮೇಲ್‌ಗಳೂ ಸಾರ್ವಜನಿಕ ದಾಖಲೆಗಳೇ. ಎದುರಾಎದುರು ಹೋಗಿ, ‘ಈ ಪುಸ್ತಕ ಹೇಗೆ ಆಯ್ಕೆಯಾಯಿತು, ವಿಧಾನ ಹೇಗೆ ನಡೆಯುತ್ತಿದೆ’ ಎಂದಷ್ಟೇ ಕೇಳಿ. ಬರುವಾಗ ಒಂದು ಒಳ್ಳೆಯ ಮಾತು ಹೇಳಿ ಬನ್ನಿ. ಕೆಲವು ರಾಜ್ಯಗಳಲ್ಲಿ ಇವರ ಮೇಲೆ ಕ್ರಿಮಿನಲ್ ಹೊಣೆ ಹೊರಿಸುವ ಮಸೂದೆಗಳು ಬಂದಿವೆ, ಸಾಮಾಜಿಕ ಜಾಲತಾಣಗಳಲ್ಲಿ ಹೆಸರು ಹಿಡಿದು ಬೈಗುಳ ಬಂದಿವೆ. ಮಕ್ಕಳಿಗೆ ಪುಸ್ತಕ ಹುಡುಕಿಕೊಡುವುದೇ ಬದುಕಾದವರಿಗೆ ಅದು ಎಷ್ಟು ನೋವಿನ ಸಂಗತಿ ಎಂದು ನಾವು ಮರೆಯಬಾರದು.

ಮನೆಯಲ್ಲೊಂದು ಮಾತುಕತೆ ಇಟ್ಟುಕೊಳ್ಳಿ

ಬೋರ್ಡ್ ಸಭೆಗಿಂತ ಮುಂಚೆ ಸಣ್ಣ ಗುಂಪಿನ ಚರ್ಚೆ ನಡೆಯುವುದು ನನ್ನ ದೃಷ್ಟಿಯಲ್ಲಿ ಬಹಳ ದೊಡ್ಡ ಕೆಲಸ. ಸಭೆಯಲ್ಲಿ ಯಾರೂ ಯಾರ ಮಾತೂ ಕೇಳುವುದಿಲ್ಲ, ಎಲ್ಲರೂ ಮೈಕಿಗೆ ಮಾತಾಡುತ್ತಾರೆ. ಮನಸ್ಸು ಬದಲಾಗುವುದಿದ್ದರೆ ಅದು ಆಗುವುದು ಹತ್ತು ಹನ್ನೆರಡು ಜನ ಒಂದು ಕೋಣೆಯಲ್ಲಿ ಕೂತಾಗ.

ಯಾರದಾದರೂ ಮನೆ ಅಥವಾ ಪಬ್ಲಿಕ್ ಲೈಬ್ರರಿಯ ಮೀಟಿಂಗ್ ರೂಮ್ ಸಾಕು. ಕನ್ನಡದವರನ್ನಷ್ಟೇ ಕರೆಯಬೇಡಿ. ಮಗುವಿನ ತರಗತಿಯ ಬೇರೆ ಮನೆಯವರನ್ನೂ, ಪುಸ್ತಕ ಬೇಡ ಎನ್ನುವವರಲ್ಲಿ ಒಬ್ಬಿಬ್ಬರನ್ನೂ ಕರೆಯಿರಿ. ಒಂದು ನಿಯಮ ಹಾಕಿ: ಪುಸ್ತಕ ಓದಿದವರು ಮೊದಲು, ಓದದವರು ಪ್ರಶ್ನೆ ಮಾತ್ರ ಕೇಳಬಹುದು. ಮಾತು ನಡೆಸಿಕೊಡುವವರು ತಮ್ಮ ಅಭಿಪ್ರಾಯವನ್ನು ಕೊನೆಗೆ ಇಟ್ಟುಕೊಳ್ಳಲಿ.

ನಾನು ಕೂತ ಇಂಥ ಒಂದು ಕೂಟದಲ್ಲಿ ಆ ಫೋಟೊದ ಎರಡು ಸಾಲಿನ ಮೇಲೆ ಅರ್ಧ ಗಂಟೆ ಜಟಾಪಟಿ ನಡೆಯಿತು. ಅಷ್ಟು ಹೊತ್ತು ಸುಮ್ಮನಿದ್ದ ಹಿರಿಯರೊಬ್ಬರು, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದವರು, ಚೀಲದಿಂದ ಪುಸ್ತಕ ತೆಗೆದರು. ‘ಇದರ ಹಿಂದಿನ ಪುಟ ಓದ್ತೀನಿ, ಸ್ವಲ್ಪ ಕೇಳ್ರಪ್ಪ’ ಅಂದರು. ತಡೆದು ತಡೆದು, ಒಂದೊಂದೇ ವಾಕ್ಯ ಓದಿ ಕನ್ನಡದಲ್ಲಿ ಹೇಳಿದರು. ಆ ಸಾಲುಗಳಲ್ಲಿ ಹದಿನಾಲ್ಕರ ಹುಡುಗಿ ತನ್ನ ಚಿಕ್ಕಪ್ಪ ಮಾಡಿದ್ದನ್ನು ಶಾಲೆಯ ಕೌನ್ಸೆಲರ್ ಮುಂದೆ ಮೊದಲ ಸಲ ಬಾಯಿಬಿಟ್ಟು ಹೇಳುತ್ತಿದ್ದಳು. ಪುಸ್ತಕ ತೆಗೆಯಿಸಬೇಕು ಎಂದು ಬಂದಿದ್ದ ತಂದೆಯೊಬ್ಬರು, ‘ಇದು ಆರನೇ ಕ್ಲಾಸಿನವರಿಗೆ ಬೇಡ, ಹೈಸ್ಕೂಲಿನಲ್ಲಿ ಇರಲಿ’ ಎಂದರು. ಎಲ್ಲರೂ ಅದನ್ನು ಒಪ್ಪಲಿಲ್ಲ. ಆದರೆ ಅಲ್ಲಿಂದಾಚೆಗೆ ಚರ್ಚೆ ಪುಸ್ತಕದ ಬಗ್ಗೆ ನಡೆಯಿತು, ಫೋಟೊದ ಬಗ್ಗೆ ಅಲ್ಲ.

ಮಾತು ಕಾವೇರಿದಾಗ ಈ ಒಂದು ಪ್ರಶ್ನೆ ಉಪಯೋಗಕ್ಕೆ ಬರುತ್ತದೆ: ‘ನಿಮ್ಮ ಮಗುವಿಗೆ ಈ ಪುಸ್ತಕ ಕೊಡಬೇಡಿ ಎಂದು ಶಾಲೆಗೆ ಬರೆದುಕೊಟ್ಟರೆ ನಿಮಗೆ ಸಮಾಧಾನವಾಗುತ್ತದೆಯೇ?’ ಬಹಳ ಡಿಸ್ಟ್ರಿಕ್ಟುಗಳಲ್ಲಿ ಈ ಏರ್ಪಾಡು ಈಗಾಗಲೇ ಇದೆ. ಹೌದು ಎಂದವರ ಜೊತೆ ಜಗಳಕ್ಕೆ ಕಾರಣವೇ ಉಳಿಯುವುದಿಲ್ಲ. ಇಲ್ಲ, ಯಾರಿಗೂ ಸಿಗಬಾರದು ಎಂದರೆ, ಬೇರೆ ಮನೆಯವರ ಪರವಾಗಿ ನೀವೇಕೆ ತೀರ್ಮಾನಿಸಬೇಕು ಎಂದು ಮೆಲ್ಲಗೆ ಕೇಳಿ.

ಪಠ್ಯಪುಸ್ತಕದ ವಿಷಯ ಇದರಲ್ಲಿ ಬೆರೆಯದಂತೆ ನೋಡಿಕೊಳ್ಳಿ. 2005–06ರಲ್ಲಿ ಕ್ಯಾಲಿಫೋರ್ನಿಯಾದ ಆರನೇ ತರಗತಿಯ ಪಠ್ಯದಲ್ಲಿ ಹಿಂದೂ ಧರ್ಮ, ಪ್ರಾಚೀನ ಭಾರತದ ಚಿತ್ರಣದ ಬಗ್ಗೆ ಭಾರತೀಯ ಸಮುದಾಯದೊಳಗೇ ದೊಡ್ಡ ವಾದವಾಯಿತು, ಕೋರ್ಟಿಗೂ ಹೋಯಿತು. ಅಲ್ಲಿದ್ದ ಪ್ರಶ್ನೆ ಎಲ್ಲ ಮಕ್ಕಳೂ ಓದಿ ಪರೀಕ್ಷೆ ಬರೆಯಲೇಬೇಕಾದ ಪುಸ್ತಕದ್ದು. ಲೈಬ್ರರಿಯ ಪುಸ್ತಕವನ್ನು ಯಾರೂ ಯಾರ ಕೈಗೂ ತುರುಕುವುದಿಲ್ಲ, ಬೇಕಾದ ಮಗು ಎತ್ತಿಕೊಳ್ಳುತ್ತದೆ. ಆ ಅನುಭವವಿರುವ ನಮ್ಮ ಹಿರಿಯರು ಇದನ್ನೂ ಅದೇ ತಕ್ಕಡಿಯಲ್ಲಿ ತೂಗಲು ಹೊರಡುತ್ತಾರೆ, ಅದಕ್ಕೇ ಹೇಳಿದೆ.

ಬೋರ್ಡ್ ಸಭೆಯಲ್ಲಿ

ಅಜೆಂಡಾವನ್ನು ಮೊದಲೇ ಪ್ರಕಟಿಸಬೇಕೆಂದು ಬಹಳಷ್ಟು ರಾಜ್ಯಗಳ ಮುಕ್ತ ಸಭೆ ಕಾನೂನುಗಳು ಹೇಳುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಸಭೆಗೆ 72 ಗಂಟೆ ಮುಂಚೆ. ಮಾತಾಡಲು ಹೆಸರು ಕೊಡುವ ಗಡುವು ಎಷ್ಟೋ ಕಡೆ ಅದೇ ದಿನ ಮಧ್ಯಾಹ್ನಕ್ಕೇ ಮುಗಿದಿರುತ್ತದೆ, ತಪ್ಪಿಸಿಕೊಳ್ಳಬೇಡಿ.

ವೀಸಾದಲ್ಲಿರುವವರು ಮಾತಾಡಬಹುದೇ ಎಂದು ನಮ್ಮವರು ಮೊದಲು ಕೇಳುತ್ತಾರೆ. ಬೋರ್ಡ್ ಚುನಾವಣೆಯಲ್ಲಿ ಮತ ಹಾಕಲು, ಕೆಲವೇ ಊರು ಬಿಟ್ಟರೆ, ಪೌರತ್ವ ಬೇಕು. ಸಭೆಯಲ್ಲಿ ಮಾತಾಡಲು ಅದು ಬೇಕಿಲ್ಲ. ಆ ಡಿಸ್ಟ್ರಿಕ್ಟಿನ ಪೋಷಕರೋ ನಿವಾಸಿಗಳೋ ಆಗಿದ್ದರೆ ಸಾಮಾನ್ಯವಾಗಿ ಸಾಕು. ಈ ದಿನಗಳಲ್ಲಿ ಕ್ಯಾಮೆರಾ ಮುಂದೆ ನಿಲ್ಲಲು ಯಾರಿಗಾದರೂ ಅಳುಕಿದ್ದರೆ ಅದನ್ನು ಹಗುರವಾಗಿ ಕಾಣಬೇಡಿ. ಬೋರ್ಡ್ ಸದಸ್ಯರಿಗೆ ಪತ್ರ ಬರೆಯಬಹುದು, ಬೇರೆಯವರ ಮಾತಿಗೆ ಟಿಪ್ಪಣಿ ಸಿದ್ಧಮಾಡಿ ಕೊಡಬಹುದು, ಸಭೆಗೆ ಬಂದು ಕೂರಬಹುದು.

ಸಿಗುವ ಸಮಯ ಹೆಚ್ಚಾಗಿ ಎರಡು ಅಥವಾ ಮೂರು ನಿಮಿಷ. ದೀಪದ ವ್ಯವಸ್ಥೆ ಇರುವ ಕಡೆ ಅದು ಹಸಿರಿನಿಂದ ಹಳದಿಗೆ ತಿರುಗಿದರೆ ಸಮಯ ಮುಗಿಯುತ್ತಾ ಬಂದಿದೆ ಎಂದರ್ಥ, ಕೆಂಪಾದರೆ ಮುಗಿಯಿತು. ಹಾಗಾಗಿ ಬರೆದುಕೊಂಡು ಹೋಗಿ, ಮನೆಯಲ್ಲಿ ಗಡಿಯಾರ ಇಟ್ಟು ಓದಿ ನೋಡಿ. ಮಾತು ಇಂಗ್ಲಿಷಿನಲ್ಲೇ ಇರುತ್ತದೆ, ಅದರ ಸಾರ ಹೀಗಿರಲಿ:

‘ನಾನು ಇದೇ ಡಿಸ್ಟ್ರಿಕ್ಟಿನ ಎಂಟನೇ ತರಗತಿಯ ಮಗುವಿನ ತಾಯಿ. ಈ ಪುಸ್ತಕವನ್ನು ಪೂರ್ತಿ ಓದಿದ್ದೇನೆ. ಕೆಲವು ಪುಟ ಓದಲು ಕಷ್ಟವಾಯಿತು. ನಿಮ್ಮದೇ ನೀತಿಯಲ್ಲಿ, ಸಮಿತಿ ಪುಸ್ತಕವನ್ನು ಇಡಿಯಾಗಿ ಓದಿ ಶಿಫಾರಸು ಕೊಡಬೇಕು ಎಂದಿದೆ. ಸಮಿತಿ ಇನ್ನೂ ಸೇರಿಲ್ಲ, ಪುಸ್ತಕ ಆಗಲೇ ಕಪಾಟಿನಲ್ಲಿಲ್ಲ. ಪುಸ್ತಕವನ್ನು ಮತ್ತೆ ಅದರ ಜಾಗದಲ್ಲಿಡಿ, ಸಮಿತಿ ತನ್ನ ಕೆಲಸ ಮಾಡಲಿ. ನನ್ನ ಮಗುವಿನ ಓದನ್ನು ನಾನು ನೋಡಿಕೊಳ್ಳುತ್ತೇನೆ. ಬೇರೆ ಮನೆಯವರಿಗೂ ಆ ಅವಕಾಶ ಇರಲಿ.’

ಇಲ್ಲಿ ಯಾರಿಗೂ ಬೈಗುಳವಿಲ್ಲ, ಪಕ್ಷದ ಹೆಸರಿಲ್ಲ. ಬೋರ್ಡಿನ ಕೈಯಲ್ಲಿ ಆಗುವಂಥ ಒಂದೇ ಒಂದು ಬೇಡಿಕೆ ಇದೆ. ಇಂಥ ಮಾತು ಸಭೆಯ ನಡಾವಳಿಯಲ್ಲಿ ದಾಖಲಾಗುತ್ತದೆ, ಮುಂದೆ ಮೇಲ್ಮನವಿಗೆ ಆಧಾರವಾಗುತ್ತದೆ.

ಎದುರಿನವರು ಪುಸ್ತಕದ ಅತಿ ಕಟುವಾದ ಭಾಗವನ್ನು ಮೈಕಿನಲ್ಲಿ ಓದಬಹುದು. ಫ್ಲಾರಿಡಾದಲ್ಲಂತೂ ಆ ಓದನ್ನು ಬೋರ್ಡ್ ತಡೆದರೆ ಪುಸ್ತಕವನ್ನೇ ಕೈಬಿಡಬೇಕಾಗಬಹುದು ಎಂದು ಕಾನೂನಿದೆ. ಅಂಥ ಹೊತ್ತಿನಲ್ಲಿ ಕೂಗಾಡಬೇಡಿ. ನಿಮ್ಮ ಸರದಿ ಬಂದಾಗ ಅದರ ಹಿಂದು ಮುಂದಿನ ಪುಟದಲ್ಲಿ ಏನಿದೆ ಎಂದು ಹೇಳಿ. ಹೈಸ್ಕೂಲಿನ ಮಕ್ಕಳು ತಾವಾಗಿ ಮಾತಾಡಲು ಮುಂದೆ ಬಂದರೆ ಅವರಿಗೆ ಜಾಗ ಬಿಟ್ಟುಕೊಡಿ, 1982ರ ಮೊಕದ್ದಮೆಯನ್ನು ನಡೆಸಿದ್ದೂ ವಿದ್ಯಾರ್ಥಿಗಳೇ. ಆದರೆ ಒಲ್ಲದ ಮಗುವನ್ನು ಮೈಕಿನ ಮುಂದೆ ನಿಲ್ಲಿಸಬೇಡಿ. ವಿಡಿಯೊ ಬಹಳ ಕಾಲ ಉಳಿಯುತ್ತದೆ.

ಆಕ್ಷೇಪ ನಿಮ್ಮದೇ ಆಗಿದ್ದರೆ

ನಿಮ್ಮ ಮಗು ತಂದ ಪುಸ್ತಕ ಆ ವಯಸ್ಸಿಗೆ ಸರಿಯಲ್ಲ ಎಂದು ನಿಮಗೆ ಅನ್ನಿಸಬಹುದು. ಅದನ್ನು ಹೇಳುವುದರಲ್ಲಿ ನಾಚಿಕೆ ಪಡಬೇಕಾದ್ದೇನೂ ಇಲ್ಲ. ಮೊದಲು ಮಗುವಿನ ಜೊತೆ, ಆಮೇಲೆ ಲೈಬ್ರರಿಯನ್ ಜೊತೆ ಮಾತಾಡಿ, ಬಹುಪಾಲು ಅಲ್ಲೇ ಬಗೆಹರಿಯುತ್ತದೆ. ಬಗೆಹರಿಯದಿದ್ದರೆ ಅರ್ಜಿ ಹಾಕಿ. ನಿಮ್ಮ ಮಾತಿನಲ್ಲೇ ಬರೆಯಿರಿ, ಎಲ್ಲಿಂದಲೋ ಬಂದ ಪಟ್ಟಿಯನ್ನು ಅಂಟಿಸಬೇಡಿ. ಪೂರ್ತಿ ತೆಗೆಯಿರಿ ಎನ್ನುವ ಮೊದಲು, ಹಿರಿಯ ಮಕ್ಕಳ ಕಪಾಟಿಗೆ ಸಾಗಿಸಿದರೆ ಸಾಕೇ ಎಂದು ಯೋಚಿಸಿ. ಸಮಿತಿ ನಿಮ್ಮ ಮಾತು ಒಪ್ಪದಿದ್ದರೆ ಮೇಲ್ಮನವಿಗೆ ಹೋಗಿ. ಲೈಬ್ರರಿಯನ್‌ನ ಹೆಸರು ಫೇಸ್‌ಬುಕ್ಕಿಗೆ ಹಾಕಬೇಡಿ.

ತೀರ್ಮಾನದ ನಂತರದ ಕೆಲಸ

ಇಲ್ಲಿಗೆ ಎಲ್ಲರೂ ದಣಿದಿರುತ್ತಾರೆ. ಪುಸ್ತಕ ಉಳಿಸಬೇಕೆಂದು ತೀರ್ಮಾನವಾಯಿತು ಎಂದುಕೊಳ್ಳಿ. ಎರಡು ವಾರ ಬಿಟ್ಟು ಶಾಲೆಯ ಆನ್‌ಲೈನ್ ಕ್ಯಾಟಲಾಗಿನಲ್ಲಿ ಹುಡುಕಿ ನೋಡಿ. ‘ಲಭ್ಯವಿದೆ’ ಎಂದು ಇದೆಯೇ, ಡಿಸ್ಟ್ರಿಕ್ಟಿನ ಎಲ್ಲ ಶಾಲೆಗಳಿಗೂ ಪ್ರತಿ ಮರಳಿ ಬಂತೇ? ತೀರ್ಪು ಬಂದ ಮೇಲೂ ಪುಸ್ತಕ ಯಾವುದೋ ಕಚೇರಿಯ ಪೆಟ್ಟಿಗೆಯಲ್ಲಿ ಉಳಿಯುವುದುಂಟು. ಇಲ್ಲವೆಂದು ಕಂಡರೆ ದಿನಾಂಕ ಹಾಕಿ ಪ್ರಿನ್ಸಿಪಾಲರಿಗೆ ಬರೆಯಿರಿ.

ತೆಗೆಯಬೇಕೆಂದು ತೀರ್ಮಾನವಾಗಿದ್ದರೆ ಲಿಖಿತ ಕಾರಣ ಕೇಳಿ. ಸಮಿತಿಯ ಶಿಫಾರಸು ಒಂದು, ಬೋರ್ಡಿನ ನಿರ್ಣಯ ಇನ್ನೊಂದು ಆಗಿದ್ದರೆ ಅದೇ ನಿಮ್ಮ ಮೇಲ್ಮನವಿಯ ಮೊದಲ ಸಾಲು. ಆ ಪುಸ್ತಕದ ಪ್ರತಿ ಊರಿನ ಪಬ್ಲಿಕ್ ಲೈಬ್ರರಿಯಲ್ಲಿ ಇರುವಂತೆ ಖರೀದಿ ಕೋರಿಕೆ ಸಲ್ಲಿಸಿ, ಸಾಮಾನ್ಯವಾಗಿ ಕಾರ್ಡ್ ಇರುವ ಯಾರಾದರೂ ಸಲ್ಲಿಸಬಹುದು. ನಡೆದದ್ದನ್ನು ಅಮೆರಿಕನ್ ಲೈಬ್ರರಿ ಅಸೋಸಿಯೇಷನ್‌ಗೂ ಲೇಖಕರ ಸಂಘಟನೆಯಾದ ಪೆನ್ ಅಮೆರಿಕಕ್ಕೂ ತಿಳಿಸಿ. ಪೆನ್ ಅಮೆರಿಕ 2024–25ರ ಶಾಲಾ ವರ್ಷದಲ್ಲಿ 23 ರಾಜ್ಯಗಳಲ್ಲಿ ಇಂಥ 6,870 ಪ್ರಸಂಗಗಳನ್ನು ದಾಖಲಿಸಿತು. ಯಾರೂ ತಿಳಿಸದ ಪ್ರಸಂಗ ಆ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಹೊರಗೆ ಕಾಣದ ಇನ್ನೊಂದು ನಷ್ಟವಿದೆ. ಒಂದು ಗಲಾಟೆ ಆದ ಮೇಲೆ ಲೈಬ್ರರಿಯನ್‌ಗಳು ತಕರಾರು ಬರಬಹುದಾದ ಪುಸ್ತಕವನ್ನು ಕೊಳ್ಳುವುದನ್ನೇ ಬಿಡುತ್ತಾರೆ. ಅದಕ್ಕೆ ಅರ್ಜಿಯಿಲ್ಲ, ಸಭೆಯಿಲ್ಲ, ದಾಖಲೆಯಿಲ್ಲ. ತಡೆಯಲು ಇರುವ ದಾರಿಯೂ ಸದ್ದಿಲ್ಲದ್ದೇ. ಬಜೆಟ್ ಚರ್ಚೆಯ ತಿಂಗಳಲ್ಲಿ, ಲೈಬ್ರರಿಗೆ ಈ ವರ್ಷ ಎಷ್ಟು ಹಣ, ಪೂರ್ಣಾವಧಿ ಲೈಬ್ರರಿಯನ್ ಇದ್ದಾರೆಯೇ ಎಂದು ಕೇಳಿ. ನೀತಿಯಲ್ಲಿ ನೀವು ಗುರುತು ಹಾಕಿಟ್ಟ ಆ ಖಾಲಿ ಜಾಗಗಳನ್ನು ತುಂಬಿಸಿ ಎಂದು ಬೋರ್ಡಿಗೆ ಬರೆಯಿರಿ, ಗಲಾಟೆ ಇಲ್ಲದ ಕಾಲದಲ್ಲಿ ಅದು ಸುಲಭ. ಮತ ಹಾಕುವ ಹಕ್ಕಿರುವವರು ಸ್ಕೂಲ್ ಬೋರ್ಡ್ ಚುನಾವಣೆಯ ದಿನಾಂಕವನ್ನು ಈಗಲೇ ನೋಡಿಟ್ಟುಕೊಳ್ಳಿ. ಅಧ್ಯಕ್ಷರ ಚುನಾವಣೆಯಂತೆ ಎಲ್ಲೆಡೆ ನವೆಂಬರಿನಲ್ಲೇ ಅದು ಬರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬರುವ ಕಡೆ ಮತಗಟ್ಟೆಗೆ ಹೋಗುವವರು ಕಡಿಮೆ, ಕೆಲವೇ ಮನೆಗಳ ಮತದಿಂದ ಸೀಟು ಬದಲಾಗುತ್ತದೆ.